ಮತ್ತೆ ಬರ್ತೀರಾ?

ದೂರದ ಪಟ್ಟಣದ ಡಾಕ್ಟರನ್ನು ವಿಡಿಯೋ ಪರದೆಯಲ್ಲಿ ತೋರಿಸುವ ನಮ್ಮೂರ ಕೋಣೆ ಉಳಿಯಬೇಕೋ ಮುಚ್ಚಬೇಕೋ ಎಂದು ನೋಡಲು ದೊಡ್ಡ ಕಚೇರಿಯಿಂದ ಮೇಡಂ ಬಂದಿದ್ದರು. ಮುಚ್ಚಿದರೆ ನಮ್ಮವರು ಬಿಪಿ ಮಾತ್ರೆಗೂ ಅರ್ಧ ದಿನ ಬಸ್ಸಿನಲ್ಲಿ ಕೂರಬೇಕು. ಇಲ್ಲಿನ ನರ್ಸ್ ನಾನು.

ಮೇಡಂ ಒಳ್ಳೆಯವರೇ. ಆದರೆ ಡಾಕ್ಟರಿಗೆ ತೋರಿಸಿಕೊಂಡವರನ್ನೆಲ್ಲ ನಿಲ್ಲಿಸಿ ಒಂದೇ ಪ್ರಶ್ನೆ: "ಮತ್ತೆ ಬರ್ತೀರಾ?"

ಟೈಲರ್ "ಅಯ್ಯೋ, ಬೇಡಪ್ಪಾ" ಎಂದ. ಬಾಣಂತಿ "ಬರೋ ಹಾಗೆ ಆಗದಿರ್ಲಿ" ಎಂದಳು. ಮೇಡಂ ಪ್ರತಿ ಸಲ "ಇಲ್ಲ" ಎಂದು ಗುರುತು ಹಾಕುವುದನ್ನು ಕಂಡು ನನಗೆ ಮೈ ಉರಿಯಿತು. ಡಾಕ್ಟರ ಹತ್ತಿರ ಮತ್ತೆ ಬರುತ್ತೇನೆಂದು ಯಾರಾದರೂ ಬಾಯಿಬಿಟ್ಟು ಹೇಳುತ್ತಾರೆಯೇ? ನಾನೇ ಹೇಳೋಣವೆಂದರೆ, ನನ್ನ ಬೆನ್ನು ನಾನೇ ತಟ್ಟಿಕೊಂಡಂತಾಗುತ್ತದೆ.

ಅಷ್ಟರಲ್ಲಿ ನನ್ನ ಸೋದರತ್ತೆ ಬಂದು, ತಲೆ ಬಾಚಿಕೊಂಡು ಕ್ಯಾಮೆರಾ ಮುಂದೆ ಕೂತರು. ಪರದೆಯಲ್ಲಿ ಎಂದಿನಂತೆ ಡಾಕ್ಟರ ಹಣೆಯಷ್ಟೇ ಕಾಣುತ್ತಿತ್ತು. ಆ ಹಣೆಗೇ ಅತ್ತೆ ಗಂಟಲು ಹರಿಯುವಂತೆ ಮಂಡಿನೋವಿನ ಪುರಾಣ ಬಿಚ್ಚಿದರು.

"ಮೆಲ್ಲಗೆ ಅತ್ತೆ, ಅವರಿಗೆ ಕೇಳ್ಸುತ್ತೆ."

"ಅಷ್ಟು ದೂರ ಇದಾರಲ್ಲೇ, ಪಾಪ."

ತೋಳಿಗೆ ಪಟ್ಟಿ ಸುತ್ತಿ ನೋಡಿದೆ. ಬಿಪಿ ಇಳಿದಿತ್ತು. ಡಾಕ್ಟರು ಅದೇ ಮಾತ್ರೆ ಮುಂದುವರಿಸಲು ಹೇಳಿದರು.

"ಮತ್ತೆ ಬರ್ತೀರಾ ಅಜ್ಜಿ?" ಎಂದರು ಮೇಡಂ.

"ಬಿಡ್ತು ಅನ್ನಮ್ಮ. ಒಳ್ಳೆ ಮಾತಾಡು."

ಇನ್ನೊಂದು "ಇಲ್ಲ" ಬಿತ್ತು. ನಮ್ಮವರೇ ನಮ್ಮ ಬುಡಕ್ಕೆ ಕೊಡಲಿ ಹಾಕಿದರಲ್ಲ ಎಂದುಕೊಂಡೆ. ಅತ್ತೆ ಬಾಗಿಲವರೆಗೆ ಹೋಗಿ, ಪರದೆಯತ್ತ ತಿರುಗಿ ಕೂಗಿದರು: "ಬರ್ತೀನಿ ಡಾಕ್ಟ್ರೇ."

ಮೇಡಂ ಪೆನ್ನು ನಿಂತಿತು. "ಈಗ ತಾನೇ ಬರಲ್ಲ ಅಂದ್ರಲ್ಲ ಅಜ್ಜಿ?"

"ಮತ್ತೆ, ಹೋಗ್ತೀನಿ ಅನ್ನೋಕಾಗುತ್ತಾ? ನೀನು ನಿಮ್ಮಮ್ಮನ ಮನೆಯಿಂದ ಹೊರಡೋವಾಗ ಏನಂತೀಯ?"

ಮೇಡಂ ನಕ್ಕುಬಿಟ್ಟರು. "ಸರಿ. ಮೈ ಹುಷಾರು ತಪ್ಪಿದ್ರೆ ಮೊದ್ಲು ಎಲ್ಲಿಗೆ ಹೋಗ್ತೀರಾ?"

"ಇದೇನು ಕೇಳೋ ಮಾತಾ? ಇಲ್ಲಿಗೇ."

ಔಷಧಿ ಕಿಟಕಿಯ ಬಳಿ ಇನ್ನೂ ನಿಂತಿದ್ದ ಟೈಲರನ್ನೂ ಬಾಣಂತಿಯನ್ನೂ ಮೇಡಂ ಹೋಗಿ ಹೊಸದಾಗಿ ಕೇಳಿದರು. ಅವರದೂ ಅದೇ ಉತ್ತರ. ಹಳೆಯ ಗುರುತುಗಳನ್ನೆಲ್ಲ ಹೊಡೆದುಹಾಕಿದರು. ಅಳು ಬರುವಷ್ಟು ಖುಷಿಯಾಯಿತು ನನಗೆ. ಆದರೂ ಸಂಜೆಯವರೆಗೆ ಕೋಣೆಯ ಗತಿ ಏನೆಂದು ಕೇಳಲು ಬಾಯಿ ಬರಲಿಲ್ಲ.

ಹೊರಡುವಾಗ ಚಪ್ಪಲಿ ಮೆಟ್ಟುತ್ತಾ ಮೇಡಂ, "ಬರ್ತೀನಿ ಸಿಸ್ಟರ್" ಎಂದರು.

"ಬರೀ ಮಾತಿಗಾ, ನಿಜವಾಗ್ಲೂನಾ ಮೇಡಂ?" ಎಂದು ಕೇಳಿಯೇಬಿಟ್ಟೆ.

"ನಿಜವಾಗ್ಲೂ. ಮುಂದಿನ ವರ್ಷನೂ ನೋಡೋಕೆ ನಾನೇ ಬರೋದು. ಅಷ್ಟರೊಳಗೆ ಡಾಕ್ಟರ ಮುಖ ಪೂರ್ತಿ ಕಾಣೋ ಹಾಗೆ ಮಾಡಿ."