ತುಳಸಿ ಕುಂಡದ ಕೆಳಗೆ

ಗಿರಿಜಮ್ಮನ ಕಥೆಗಳಲ್ಲಿ ರಾಕ್ಷಸರು ಸಾಯುತ್ತಿದ್ದುದೆಲ್ಲ ಊಟದ ದೆಸೆಯಿಂದ. ಕತ್ತಿಗೆ ಬಗ್ಗದವನು, ಬೆಂಕಿಗೆ ಬೇಯದವನು, ರಾಜಕುಮಾರಿ ಬಡಿಸಿದ ಹೋಳಿಗೆ ತಿಂದು, ಅವಳ ಹಾಡಿಗೆ ತಲೆದೂಗಿ, "ನನ್ನ ಪ್ರಾಣ ಎಲ್ಲಿದೆ ಗೊತ್ತಾ? ಏಳು ಕೆರೆಯಾಚೆ ಒಂದು ಆಲದ ಮರ, ಮರದ ಪೊಟರೆಯಲ್ಲಿ ಒಂದು ಗಿಳಿ" ಎಂದು ತಾನಾಗಿಯೇ ಬಾಯಿಬಿಡುತ್ತಿದ್ದ. "ಹೊಟ್ಟೆ ತುಂಬಿ ಕಿವಿ ತಂಪಾದರೆ ಬಾಯಿಗೆ ಬೀಗ ನಿಲ್ಲೋದಿಲ್ಲ ಮಗಾ" ಎಂದು ಗಿರಿಜಮ್ಮ ಕಥೆ ಮುಗಿಸುವಾಗಲೆಲ್ಲ ಮೊಮ್ಮಗಳು ಧಾರಿಣಿ ಆ ಪೆದ್ದ ರಾಕ್ಷಸನಿಗಾಗಿ ಮರುಗುತ್ತಿದ್ದಳು.

ಆ ಧಾರಿಣಿಗೀಗ ಇಪ್ಪತ್ತಮೂರು. ದೆಹಲಿಯಲ್ಲಿ ಎಂ.ಎ. ಓದುತ್ತ, ಮಾನೇಸರಿನ ಕಾರ್ಖಾನೆಯಲ್ಲಿ ಎಂಜಿನಿಯರಾಗಿದ್ದ ಅಣ್ಣ ಮನೋಜನ ಜೊತೆ ವಸಂತ್ ಕುಂಜದ ಎರಡನೇ ಮಹಡಿಯ ಬಾಡಿಗೆ ಮನೆಯಲ್ಲಿದ್ದಳು. ಶುಕ್ರವಾರ ಬಂತೆಂದರೆ ಅವಳ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಸಂಜೆ ಏಳಕ್ಕೆ ಗೆಳತಿ ಅಪೂರ್ವಾಳೊಂದಿಗೆ 'ಮೆಹಕ್' ಎಂಬ ರೆಸ್ಟೋರೆಂಟಿಗೆ ಹೋಗಲೇಬೇಕು. ಅಲ್ಲಿ ಹಾರ್ಮೋನಿಯಂ, ತಬಲಾ, ಗಜಲ್ ಹಾಡುವ ಒಬ್ಬ ಉಸ್ತಾದ್. ಬೇಕಾದ ಹಾಡನ್ನು ಚೀಟಿಯಲ್ಲಿ ಬರೆದು ವೇಟರನ ಕೈಗಿತ್ತರೆ ಅದು ಉಸ್ತಾದರ ಮುಂದಿನ ಹಿತ್ತಾಳೆ ತಟ್ಟೆಗೆ ಬೀಳುತ್ತಿತ್ತು. ಆ ಚೀಟಿಗೆ ಫರ್ಮಾಯಿಶ್ ಎಂದು ಹೆಸರು. ರುಮಾಲಿ ರೊಟ್ಟಿ ಮುರಿಯುತ್ತ ತನ್ನ ಚೀಟಿಯ ಸರದಿ ಕಾಯುವುದೆಂದರೆ ಧಾರಿಣಿಗೆ ಸ್ವಯಂವರಕ್ಕೆ ಕಾದಂತೆ.

ಆ ಚಳಿಗಾಲ ಗಿರಿಜಮ್ಮ ಕಣ್ಣಿನ ಪೊರೆ ತೆಗೆಸಿಕೊಳ್ಳಲು ದೆಹಲಿಗೆ ಬಂದಿದ್ದಳು. ಆಪರೇಷನ್ ಆಗಿ ನಾಲ್ಕು ದಿನ, ಕಣ್ಣಿಗೆ ಪಟ್ಟಿ. ಈ ಶುಕ್ರವಾರ ಹೋಗುವುದಿಲ್ಲವೆಂದು ಧಾರಿಣಿ ಹಟ ಹಿಡಿದರೆ ಅಜ್ಜಿ ಕೇಳಬೇಕಲ್ಲ!

"ನಾನೇನು ತೊಟ್ಟಿಲ ಕೂಸೇ? ಹೋಗಿ ಬಾ. ಏನು ತಿಂದೆ, ಏನು ಕೇಳಿದೆ, ಬಂದು ನನಗೆ ಹೇಳು. ಇಷ್ಟು ವರ್ಷ ನಾನು ಹೇಳಿದ್ದಾಯ್ತು, ಈಗ ನಿನ್ನ ಸರದಿ."

"ಯಾರಾದ್ರೂ ಬಂದ್ರೆ ಏಳಬೇಡ. ಫೋನ್ ಹೊಡ್ಕೊಂಡ್ರೂ ಏಳಬೇಡ."

"ಮುಸ್ಸಂಜೆ ಮೇಲೆ ಮೂರನೇ ಕೂಗಿಗೆ ಮುಂಚೆ ನಾನು ಯಾವತ್ತಾದರೂ ಓ ಅಂದಿದ್ದೀನಾ? ಕೆಟ್ಟದ್ದು ಎರಡು ಸಲಕ್ಕಿಂತ ಹೆಚ್ಚು ಕೂಗೋದಿಲ್ಲ ಕಣೇ, ಅದಕ್ಕೆ ತಾಳ್ಮೆ ಇಲ್ಲ."

ಧಾರಿಣಿ ನಕ್ಕು, ಕಬ್ಬಿಣದ ಜಾಲಿ ಬಾಗಿಲಿಗೆ ಹೊರಗಿನಿಂದ ಬೀಗ ಹಾಕಿದಳು. ಬೀಗದ ಕೈಯನ್ನು ಎಂದಿನಂತೆ ಬಾಗಿಲ ಪಕ್ಕದ ತುಳಸಿ ಕುಂಡದ ಕೆಳಗೆ ತುರುಕಿದಳು. ಅವಳ ಪರ್ಸಿನಲ್ಲಿ ಬೀಗದ ಕೈ ಉಳಿದ ಇತಿಹಾಸವೇ ಇರಲಿಲ್ಲ.

ಮೆಹಕ್‌ನಲ್ಲಿ ಅಂದು ಜನ ಕಿಕ್ಕಿರಿದಿದ್ದರು. ಗೆಳತಿಯರು ಕಂಬದ ಪಕ್ಕದ ಟೇಬಲ್ ಹಿಡಿದು ಕುಳಿತದ್ದೇ ಕನ್ನಡದ ಕಟ್ಟು ಬಿಚ್ಚಿದರು. ದೆಹಲಿಯಲ್ಲಿ ಅವರಿಗೆ ಕನ್ನಡವೆಂದರೆ ಒಳಗಿಂದ ಚಿಲಕ ಹಾಕಿಕೊಂಡ ಕೋಣೆ. ಬಸ್ಸಿನಲ್ಲಿ, ಕ್ಯಾಂಟೀನಿನಲ್ಲಿ, ಎದುರಿಗೇ ಕೂತವರ ಮೂಗು, ಮೀಸೆ, ಮದುವೆ ಎಲ್ಲವನ್ನೂ ಅದರೊಳಗೆ ಕೂತು ಆಡಿಕೊಳ್ಳಬಹುದಿತ್ತು.

"ಆ ಮೂಲೇಲಿ ನೋಡೇ, ಕಂದು ಮಫ್ಲರ್ ತಾತ. ಎಂಟನೇ ರೊಟ್ಟಿ!" ಎಂದಳು ಅಪೂರ್ವಾ.

"ಏಳು ಕೆರೆ ದಾಟಿ ಬಂದಿರಬೇಕು ಪಾಪ, ಹಸಿವು. ಉಸ್ತಾದರ ಕೂದಲು ನೋಡು, ಹೋದ ವಾರ ಎಡಕ್ಕಿತ್ತು, ಈ ವಾರ ಬಲಕ್ಕೆ ವಲಸೆ ಹೋಗಿದೆ."

ಅಪೂರ್ವಾ ಕುಡಿಯುತ್ತಿದ್ದ ನೀರನ್ನು ನೆತ್ತಿಗೇರಿಸಿಕೊಂಡಳು. ಬೆನ್ನ ಹಿಂದಿನ ಟೇಬಲಿನಲ್ಲೂ ಯಾರೋ ಕಿಸಕ್ಕೆಂದರು. ಅವರ ಹರಟೆ ಅವರಿಗೆ, ಎಂದುಕೊಂಡಳು ಧಾರಿಣಿ.

ದಾಲ್ ಮಖನಿ ಬಂತು. ಅಷ್ಟರಲ್ಲಿ ಅಪೂರ್ವಾಳ ಅಮ್ಮನ ಫೋನು. ದಾವಣಗೆರೆಯಿಂದ ಚಟ್ನಿಪುಡಿ ಕಳಿಸಬೇಕಂತೆ. ಹಾಸ್ಟೆಲಿನಲ್ಲಿ ಪಾರ್ಸೆಲ್ ಕಳೆದುಹೋಗುತ್ತದೆಂದು ಅಪೂರ್ವಾ ಧಾರಿಣಿಯ ವಿಳಾಸ ಬರೆಸಿದಳು. ತಬಲಾದ ಸದ್ದನ್ನು ಮೀರಿ ಕೂಗಬೇಕಿತ್ತು: "ಬರ್ಕೋ ಅಮ್ಮಾ! ಸಿ ಬ್ಲಾಕ್! ಮೂವತ್ತೆರಡು! ಎರಡನೇ ಮಹಡಿ! ವಸಂತ್ ಕುಂಜ್!" ಆಮೇಲೆ ಧಾರಿಣಿಯ ಫೋನು. ಮನೋಜ, ಕಂಪನಿ ಬಸ್ಸಿನಿಂದ. ಅವನ ಬೀಗದ ಕೈ ಕಾರ್ಖಾನೆಯಲ್ಲೇ ಉಳಿದಿತ್ತು.

"ಮನೋಜಾ, ನನ್ನದು ಕುಂಡದ ಕೆಳಗಿದೆ ಕಣೋ! ತುಳಸಿ ಕುಂಡ! ಅಜ್ಜಿ ಒಬ್ಬಳೇ ಇದಾಳೆ, ಕಣ್ಣು ಬೇರೆ ಕಾಣಲ್ಲ, ಬೇಗ ಹೋಗು!"

ಫೋನ್ ಇಟ್ಟು ರೊಟ್ಟಿ ಮುರಿದಳು. ಹಾಡು ಮೇಲಕ್ಕೇರಿತ್ತು, ಬೆಣ್ಣೆ ನಾಲಗೆಯ ಮೇಲೆ ಕರಗುತ್ತಿತ್ತು. ಕಣ್ಣು ತಾನಾಗಿಯೇ ಅರೆಮುಚ್ಚಿತು.

ಎಷ್ಟೋ ಹೊತ್ತಾದ ಮೇಲೆ ಉಸ್ತಾದರು ತಟ್ಟೆಯಿಂದ ಒಂದು ಚೀಟಿ ಎತ್ತಿ, ಕನ್ನಡಕ ಏರಿಸಿ, ಇಳಿಸಿ, ತಿರುಗಿಸಿ ನೋಡಿ ನಕ್ಕರು. "ಅರೇ ಭಾಯಿ, ಯೇ ಫರ್ಮಾಯಿಶ್ ಹೈ ಯಾ ಜಲೇಬಿ?" ಚೀಟಿಯನ್ನು ಎತ್ತಿ ಹಿಡಿದರು. ದುಂಡು ದುಂಡಾದ ಅಕ್ಷರ. ಸಭೆಯೆಲ್ಲ ನಕ್ಕಿತು. ಧಾರಿಣಿಯ ಎದೆ ಹಿಗ್ಗಿತು. ಇಲ್ಲಿ, ಈ ಊರಿನಲ್ಲಿ, ಯಾರೋ ಕನ್ನಡದಲ್ಲಿ ಹಾಡು ಕೇಳಿದ್ದಾರೆ! "ಉಸ್ತಾದ್‌ಜೀ, ವೋ ಹಮಾರೀ ಭಾಷಾ ಹೈ!" ಎನ್ನುತ್ತ ಎದ್ದು ಓಡಿದಳು. ಉಸ್ತಾದರು ಚೀಟಿ ಕೊಟ್ಟು, "ಪಢಿಯೇ ಬೇಟೀ, ಕೌನ್ ಸಾ ಗಾನಾ?" ಎಂದು, ಯಾವ ಹಾಡೆಂದು ಓದಿ ಹೇಳಲು ಕೇಳಿದರು.

ಚೀಟಿಯಲ್ಲಿ ಮೂರು ಸಾಲಿದ್ದವು.

೧. ಬೀಗದ ಕೈ ತುಳಸಿ ಕುಂಡದ ಕೆಳಗೆ.
೨. ಒಳಗೆ ಅಜ್ಜಿ ಒಬ್ಬರೇ.
೩. ಎಲ್ಲ ಕೇಳಿಸಿದೆ.

ಸಭೆ ಕಾಯುತ್ತಿತ್ತು. ತಬಲಾದವನು ಬೆರಳು ಆಡಿಸುತ್ತ ಕೂತಿದ್ದ. ಧಾರಿಣಿ ಚೀಟಿಯನ್ನು ಮುಷ್ಟಿಯಲ್ಲಿ ಮುದುರಿದಳು. "ಕಿಸ್ನೇ ದಿಯಾ?" ಯಾರು ಕೊಟ್ಟದ್ದೆಂದು ವೇಟರನನ್ನು ಕೇಳಿದಳು.

"ವೋ ಮಫ್ಲರ್‌ವಾಲೇ ಅಂಕಲ್. ಜಾತೇ ಜಾತೇ ಆಪ್ ಕೇ ಲಿಯೇ ದಿಯಾ ಥಾ," ಎಂದು ಅವನು ತಲೆ ಕೆರೆದುಕೊಂಡ. "ಹಮ್ ನೇ ಸಮ್‌ಝಾ ಫರ್ಮಾಯಿಶ್ ಹೈ, ಥಾಲೀ ಮೇ ಡಾಲ್ ದಿಯಾ. ಆಧಾ ಘಂಟಾ ಹುವಾ."

ಹೋಗುವಾಗ ತನಗೆಂದು ಕೊಟ್ಟ ಚೀಟಿ ಹಾಡಿನ ತಟ್ಟೆಗೆ ಬಿದ್ದು ಅರ್ಧ ಗಂಟೆ. ಮೂಲೆಯ ಟೇಬಲ್ ಒರೆಸಿ ಆಗಿತ್ತು. ಅವರ ಹಿಂದಿನ ಟೇಬಲಿನಲ್ಲೂ ಯಾರೂ ಇರಲಿಲ್ಲ. ಎರಡು ತಟ್ಟೆ, ಮುರಿದ ರೊಟ್ಟಿ ಹಾಗೇ ಬಿದ್ದಿತ್ತು. ಧಾರಿಣಿಗೆ ಅದರ ಮೇಲೆ ಗಮನ ನಿಲ್ಲಲಿಲ್ಲ. ಅವಳ ಕಣ್ಣಿಗೆ ಕಟ್ಟಿದ್ದು ಎಂಟು ರೊಟ್ಟಿ ತಿಂದ ಆ ಮುದುಕ, ಅವನ ಕಂದು ಮಫ್ಲರ್.

ಆಟೋ ಸಿಕ್ಕಿದಾಗ ಹೊರಗೆ ಮಂಜು ಇಳಿದಿತ್ತು. ಡ್ರೈವರ್ ಮೂತಿ ಮುಂದೆ ಮಾಡಿ, ಎದುರಿನ ಕಾರಿನ ಕೆಂಪು ದೀಪ ನೋಡಿಕೊಂಡು ಆಮೆಯಂತೆ ಸಾಗಿದ. ಧಾರಿಣಿ ಮನೆಗೆ ಫೋನ್ ಮಾಡಿದಳು. ಹೊಡೆದುಕೊಂಡಿತು, ನಿಂತಿತು. ಮತ್ತೆ ಮಾಡಿದಳು. ಫೋನ್ ಎತ್ತಲು ಏಳಬೇಡ ಎಂದು ತಾನೇ ಹೇಳಿ ಬಂದಿದ್ದಳಲ್ಲ! ಮನೋಜನ ಫೋನು ಸಿಗುತ್ತಲೇ ಇರಲಿಲ್ಲ.

"ಪೊಲೀಸರಿಗೆ ಮಾಡೋಣ್ವೇನೇ?" ಎಂದು ಅಪೂರ್ವಾ ಪಿಸುಗುಟ್ಟಿದಳು. ಯಾಕೋ ಇಬ್ಬರೂ ಪಿಸುಗುಟ್ಟುತ್ತಲೇ ಇದ್ದರು. ಡ್ರೈವರನ ಕಿವಿಯೂ ಈಗ ದೊಡ್ಡದಾಗಿ ಕಾಣುತ್ತಿತ್ತು.

"ಏನಂತ ಹೇಳ್ತೀಯ? ರೆಸ್ಟೋರೆಂಟಲ್ಲಿ ಚೀಟಿ ಬಂತು ಅಂತಲಾ?"

"ಏನಾದರೂ ಹೇಳು! ಸುಮ್ನೆ ಕೂರಬೇಡ್ವೇ, ಭಯ ಆಗತ್ತೆ."

ಧಾರಿಣಿಗೆ ಹೇಳಲು ಇದ್ದದ್ದು ಒಂದೇ. ಇಷ್ಟು ವರ್ಷ ತಾನು ಆ ಕಥೆಯಲ್ಲಿ ರಾಜಕುಮಾರಿ ಎಂದುಕೊಂಡಿದ್ದಳು. ರುಚಿಯಾಗಿ ತಿಂದು, ಇಂಪಾಗಿ ಕೇಳಿ, ಕಣ್ಣು ಅರೆಮುಚ್ಚಿ, ಪ್ರಾಣ ಎಲ್ಲಿದೆಯೆಂದು ಊರಿಗೇ ಕೂಗಿ ಹೇಳಿದವಳು ತಾನು. ಪೊಟರೆ ತೆರೆದೇ ಇತ್ತು. ಒಳಗೆ ಗಿಳಿ, ಕಣ್ಣಿಗೆ ಬಿಳಿ ಪಟ್ಟಿ ಕಟ್ಟಿಕೊಂಡು.

ಆಟೋ ನಿಲ್ಲುವ ಮೊದಲೇ ಧುಮುಕಿದಳು. ಗೇಟಿನ ಚೌಕಿದಾರನ ಕುರ್ಚಿ ಖಾಲಿ. ಮೆಟ್ಟಿಲ ದೀಪ ಕೆಟ್ಟು ವಾರವಾಗಿತ್ತು; ಗೋಡೆ ತಡವುತ್ತ ಹತ್ತಿದಳು. ಎರಡನೇ ಮಹಡಿ. ಜಾಲಿ ಬಾಗಿಲಿಗೆ ಬೀಗ ಹಾಗೇ ನೇತಾಡುತ್ತಿತ್ತು. ಅಬ್ಬ! ಕುಂಡವನ್ನು ಓರೆ ಮಾಡಿ ಕೈ ಹಾಕಿದಳು. ಒದ್ದೆ ಮಣ್ಣು. ಒಂದು ಸತ್ತ ಎಲೆ. ಬೀಗದ ಕೈ ಇರಲಿಲ್ಲ.

"ಅಜ್ಜೀ!"

ಒಳಗೆ ಕತ್ತಲೆ. ಉತ್ತರವಿಲ್ಲ.

"ಅಜ್ಜೀ, ನಾನು!"

ಇಲ್ಲ. ಅಪೂರ್ವಾ ಅವಳ ತೋಳನ್ನು ಉಗುರಿಳಿಯುವಂತೆ ಹಿಡಿದಿದ್ದಳು. ಬಂದವನು ಒಳಗೆ ಹೋಗಿ, ಕೆಲಸ ಮುಗಿಸಿ, ನೀಟಾಗಿ ಬೀಗ ಹಾಕಿಕೊಂಡು ಹೋಗಿದ್ದರೆ? ಧಾರಿಣಿ ಜಾಲಿಗೆ ಹಣೆ ಆನಿಸಿ, ಅಳುವಿನಲ್ಲೇ ಮೂರನೆಯ ಸಲ ಕೂಗಿದಳು.

"ಅಜ್ಜೀ..."

"ಓ!" ಎಂದಳು ಗಿರಿಜಮ್ಮ ಒಳಗಿನಿಂದ. "ಮೂರಾಯ್ತು ನೋಡು, ಈಗ ನೀನೇ. ಆಗಲೇ ಬಂದವನು ಎರಡಕ್ಕೇ ಸುಸ್ತಾದ."

"ಯಾರು? ಯಾರು ಬಂದಿದ್ರು?"

"ಯಾರಿಗೆ ಗೊತ್ತು. 'ಅಜ್ಜೀ, ಮನೋಜ ಕಳಿಸಿದ, ಇನ್ನೊಂದು ಬೀಗದ ಕೈ ಇದ್ದರೆ ಜಾಲಿಯಿಂದ ಕೊಡಿ' ಅಂದ. ಅಚ್ಚ ಕನ್ನಡ. ನಾನು ಉಸಿರು ಬಿಡಲಿಲ್ಲ. ಮತ್ತೊಂದು ಸಲ ಕರೆದ. ಬೀಗ ಹಿಡಿದು ಜಗ್ಗಾಡಿದ. ಜೊತೆಗೆ ಇನ್ನೊಬ್ಬ ಇದ್ದ, ಇಬ್ಬರೂ ಬೈಕೊಂಡು ಇಳಿದುಹೋದರು."

ಆಗ ಕೆಳಗಿನ ಮೆಟ್ಟಿಲಲ್ಲಿ ಹೆಜ್ಜೆ ಸದ್ದಾಯಿತು. ಟಾರ್ಚಿನ ಬೆಳಕು ಗೋಡೆಯ ಮೇಲೆ ಏರುತ್ತ ಬಂತು. ಬೆಳಕಿನ ಹಿಂದೆ ಕಂದು ಮಫ್ಲರ್. ಅಪೂರ್ವಾ ಕಿರುಚಿದಳು. ಧಾರಿಣಿ ಏನೂ ತೋಚದೆ ತುಳಸಿ ಕುಂಡವನ್ನೇ ಎರಡೂ ಕೈಯಲ್ಲಿ ಎತ್ತಿ ಹಿಡಿದಳು.

"ಇಳಿಸಮ್ಮ, ಇಳಿಸು, ದೇವರ ಗಿಡ!" ಎಂದಿತು ಏದುಸಿರಿನ ದನಿ. ಮುದುಕರ ಹಿಂದೆ ಚೌಕಿದಾರನಿದ್ದ. ಮುದುಕರು ಮುಷ್ಟಿ ಬಿಚ್ಚಿ ಬೀಗದ ಕೈ ತೋರಿಸಿದರು. "ನಾನು ಬಸವಲಿಂಗಪ್ಪ. ಕೇಂದ್ರ ಸರ್ಕಾರದಲ್ಲಿದ್ದೆ, ರಿಟೈರಾಗಿ ಎಂಟು ವರ್ಷ. ನಿಮಗಿಂತ ಮೊದಲು ಬಂದು ಇದನ್ನ ತೆಗೆದಿಟ್ಟುಕೊಂಡೆ, ಅಷ್ಟೇ."

"ಹಾಗಾದ್ರೆ ಅಜ್ಜೀನ ಕರೆದದ್ದು ನೀವಾ?"

"ನಾನು ಕರೆಯಲಿಲ್ಲಮ್ಮ," ಎಂದರು ಬಸವಲಿಂಗಪ್ಪ. "ನೀವು ಆ ಉಸ್ತಾದರ ಕೂದಲಿನ ವಿಷಯ ಹೇಳಿದಿರಲ್ಲ, ನನಗೆ ನಗು ಬಂತು. ನೋಡಿದರೆ ನಿಮ್ಮ ಹಿಂದಿನ ಟೇಬಲ್ಲಿನವನೂ ನಗುತ್ತಾ ಇದ್ದ. ಮಾತು ಕನ್ನಡದಲ್ಲಿತ್ತು, ಅಂದರೆ ಅವನಿಗೂ ಕನ್ನಡ ಬರುತ್ತೆ. ಆಮೇಲೆ ನೀವು ವಿಳಾಸ ಕೂಗಿದಿರಿ, ಬೀಗದ ಕೈ ಕೂಗಿದಿರಿ. ಅವನು ಜೊತೆಯವನಿಗೆ ಕಣ್ಣು ಮಿಟುಕಿಸಿದ. ಅವರೆದುರಿಗೆ ನಿಮ್ಮ ಹತ್ತಿರ ಬಂದು ಏನಂತ ಹೇಳಲಿ? ಚೀಟಿ ಬರೆದು ಕೊಟ್ಟು, ಕಾರು ಹತ್ತಿ ಬಂದೆ."

"ಅಂಥಾ ಚೀಟಿ ಬರೀತಾರಾ ಸಾರ್!" ಅಪೂರ್ವಾಳಿಗೆ ಅಳುವೂ ಸಿಟ್ಟೂ ಒಟ್ಟಿಗೇ ಬಂದಿತ್ತು. "ನೀವೇ ಕಳ್ಳ ಅಂದ್ಕೊಂಡು ಪ್ರಾಣ ಹೋಯ್ತು!"

ಮುದುಕರು ತಬ್ಬಿಬ್ಬಾದರು. "ಮೂವತ್ತೈದು ವರ್ಷ ಫೈಲಿನಲ್ಲಿ ನೋಟ್ ಬರೆದ ಕೈ. ವಿಷಯ ಮೂರು ಅಂಶದಲ್ಲಿ ಬರೆದೆ. ಕ್ರಮ ನಾನೇ ಕೈಗೊಂಡೆ, ಬರೆಯೋಕೆ ಏನಿತ್ತು?" ಸ್ವಲ್ಪ ತಡೆದು, ದನಿ ತಗ್ಗಿಸಿದರು. "ಅವರು ಬೈಕಿನಲ್ಲಿ ಬಂದಾಗ ನಾನು ಗೇಟಿನ ಪಕ್ಕ ಕತ್ತಲೆಯಲ್ಲೇ ನಿಂತಿದ್ದೆ. ತಡೀಲಿಲ್ಲ. ಕಾಲು ಬರಲಿಲ್ಲ ಅಂತಿಟ್ಟುಕೊಳ್ಳಿ. ಹಿಂದಿನ ಗೇಟಿಗೆ ಓಡಿ ಇವನನ್ನ ಕರ್ಕೊಂಡು ಬರೋವಷ್ಟರಲ್ಲಿ ಹೊರಟುಹೋಗಿದ್ದರು."

ಧಾರಿಣಿ ಕುಂಡ ಕೆಳಗಿಟ್ಟು ಬೀಗದ ಕೈ ತೆಗೆದುಕೊಂಡಳು. ಬೀಗ ತೆಗೆದರು. ಟಾರ್ಚಿನ ಬೆಳಕಿನಲ್ಲಿ ಬೀಗದ ಸುತ್ತ ಹೊಸದಾಗಿ ಗೀರಿದ ಗುರುತುಗಳು ಹೊಳೆದವು.

ಅಜ್ಜಿ ಕಂಬಳಿ ಹೊದ್ದು ಮಂಚದ ಮೇಲೆ ಕೂತಿದ್ದಳು. ಧಾರಿಣಿ ಅವಳ ಮಡಿಲಿಗೆ ಬಿದ್ದು ಬಿಕ್ಕಿದಳು. ಅಜ್ಜಿಯ ಕೈ ಕೂದಲು ಸವರುತ್ತಿತ್ತು. "ಅತ್ತಿದ್ದು ಸಾಕು. ಬಂದವರಿಗೆ ಚಹಾ ಕೊಡು. ಏನು ತಿಂದೆ ಹೇಳು, ಏನು ಹಾಡಿದರು ಹೇಳು."

ಧಾರಿಣಿ ಬಾಯಿ ತೆರೆದಳು. ಕಿಟಕಿ ಅರೆ ತೆರೆದಿತ್ತು, ಹೊರಗೆ ಮಂಜು. ಎದ್ದು ಕಿಟಕಿ ಮುಚ್ಚಿದಳು. ಹಾಡಿನ ಮಾತು ಬಿಟ್ಟು ಚಹಾಕ್ಕೆ ಹಾಲಿಟ್ಟಳು. ಚಿಲಕ ಹಾಕಿದ ಆ ಕನ್ನಡದ ಕೋಣೆಗೆ ಯಾವತ್ತೂ ಗೋಡೆಯೇ ಇರಲಿಲ್ಲವಲ್ಲ.

ತುಳಸಿ ಕುಂಡವನ್ನು ಅಪೂರ್ವಾ ಒಳಗೆ ತಂದಿಟ್ಟು, ಜಾಲಿ ಬಾಗಿಲಿಗೆ ಒಳಗಿಂದ ಬೀಗ ಹಾಕಿದಳು. ಬಸವಲಿಂಗಪ್ಪ ಚಹಾದ ಲೋಟ ತುಟಿಗೆ ತಂದರು. ಆಗ ಮೆಟ್ಟಿಲಲ್ಲಿ ಬೂಟಿನ ಸದ್ದು.

"ಧಾರಿಣೀ!"

ಲೋಟ ಅರ್ಧದಲ್ಲೇ ನಿಂತಿತು. ದನಿ ಮನೋಜನದೇ. ಖಂಡಿತ ಮನೋಜನದೇ. ಧಾರಿಣಿ ಓಗೊಡಲು ತೆರೆದ ಬಾಯಿಯನ್ನು ಅಂಗೈಯಿಂದ ಮುಚ್ಚಿಕೊಂಡಳು. ಕಣ್ಣಿಗೆ ಪಟ್ಟಿ ಕಟ್ಟಿದ್ದ ಅಜ್ಜಿ ಒಂದು ಬೆರಳು ಎತ್ತಿ ಹಿಡಿದಳು.

"ಧಾರಿಣೀ, ದೀಪ ಉರೀತಿದೆ, ಬಂದಿದ್ದೀಯಾ? ಬೀಗದ ಕೈ ಎಲ್ಲೇ? ಕುಂಡಾನೇ ಇಲ್ಲ!"

ಎರಡನೇ ಬೆರಳು. ಮುದುಕರು ಉಸಿರು ಬಿಗಿಹಿಡಿದಿದ್ದರು. ಅಪೂರ್ವಾ ಕಣ್ಣು ಮುಚ್ಚಿಕೊಂಡಿದ್ದಳು. ಒಲೆಯ ಮೇಲೆ ಉಳಿದ ಹಾಲು ಉಕ್ಕಿ ಸುಟ್ಟ ವಾಸನೆ ಬರುತ್ತಿತ್ತು, ಯಾರೂ ಏಳಲಿಲ್ಲ.

"ಏ, ಎಲ್ಲಾರೂ ಕಿವುಡಾಗಿದ್ದೀರೇನ್ರೇ? ಹಸಿವಾಗ್ತಿದೆ, ಬಾಗಿಲು ತೆಗೀರೇ!"

ಮೂರನೇ ಬೆರಳು ಎದ್ದಿತು. "ಈಗ ಓ ಅನ್ನು ಮಗಾ," ಎಂದಳು ಅಜ್ಜಿ.

ಧಾರಿಣಿ ಬಾಯಿಂದ ಅಂಗೈ ತೆಗೆಯಲಿಲ್ಲ. ಗಿರಿಜಮ್ಮನೇ "ಓ" ಎಂದಳು.