ಕಣದಲ್ಲಿ ಕೇಳಿದ ಪ್ರಶ್ನೆ

ಚಹಾ ಮಾಡಿಕೊಂಡು ಬರುತ್ತೇನೆಂದು ಕಣದಿಂದ ಒಳಬಂದ ನೀಲಾ ಅಡಿಗೆಮನೆಯ ಬಾಗಿಲು ಹಾಕಿಕೊಂಡು, ಫೋನನ್ನು ಕಿವಿಗೆ ಒತ್ತಿ ಹಿಡಿದಳು. ಆನ್‌ಲೈನ್‌ನಲ್ಲಿ ಸಂಸಾರದ ತೊಂದರೆ ಕೇಳಿ ಸಲಹೆ ಕೊಡುವ ಸುಮೇಧಾ ಮೇಡಂ ಜೊತೆ ಇದು ಅವಳ ಮೊದಲ ಮಾತು.

"ಯಾರ ಮುಂದೂ ಹೇಳಬ್ಯಾಡ್ರಿ ಮೇಡಂ. ನಮ್ಮ ಮನಿಯವರಿಗೆ ಗೊತ್ತಾದ್ರ ನನ್ನ ಉಳಸೂದಿಲ್ಲ."

"ಇದು ನಮ್ಮಿಬ್ಬರ ನಡುವೆನೇ ಇರತ್ತೆ, ಹೇಳಿ."

ಅಷ್ಟರಲ್ಲಿ ಮನೆಯ ಮುಂದಿನ ಕಣದಲ್ಲಿ ಗಂಡ ಫಕ್ಕೀರೇಶ ಟ್ರ್ಯಾಕ್ಟರ್ ಹತ್ತಿ ಚಾವಿ ತಿರುವಿದ. ನೀಲಾಳ ಕಿವಿಯಲ್ಲಿದ್ದ ದನಿ ತಟ್ಟನೆ ನಿಂತುಹೋಯಿತು. ಹಾಡಿನ ಹುಚ್ಚಿನ ಆ ಮಾರಾಯ ನಿನ್ನೆ ಟ್ರ್ಯಾಕ್ಟರಿನ ಸೌಂಡ್ ಬಾಕ್ಸಿಗೆ ಬ್ಲೂಟೂತ್‌ನಲ್ಲಿ ಜೋಡಿಸಿದ್ದು ತನ್ನ ಕೈಯಲ್ಲಿದ್ದ ಈ ಫೋನನ್ನೇ ಎಂದು ಅವಳಿಗೆ ನೆನಪಾಗುವಷ್ಟರಲ್ಲಿ, ಮೇಡಂ ದನಿ ಓಣಿಗೆಲ್ಲ ಕೇಳುವಂತೆ ಕಣದಲ್ಲಿ ಗುಡುಗಿತು.

"ಹೆದರಬೇಡಿ ನೀಲಾ. ನಿಮ್ಮ ಗಂಡ ನಿಮ್ಮನ್ನ ಹೊಡೀತಾರಾ?"

ನೀಲಾ ಓಡಿಬಂದು ಹೊಸ್ತಿಲಲ್ಲೇ ನಿಂತಳು. ಗೋವಿನಜೋಳದ ರಾಶಿ ಮಾಡುತ್ತಿದ್ದ ನೆರೆಹೊರೆಯವರ ಕೈಗಳೆಲ್ಲ ನಿಂತಿದ್ದವು. ಫಕ್ಕೀರೇಶ ಸೀಟಿನಿಂದ ಧುಮುಕಿ, ಹಲ್ಲು ಕಚ್ಚಿಕೊಂಡು ಅವಳತ್ತ ಬರುತ್ತಿದ್ದ. ಕರೆ ಕಡಿಯಬೇಕೆಂದರೂ ಅವಳ ಬೆರಳು ಏಳಲಿಲ್ಲ.

"ನೀಲಾ, ಕೇಳಿಸ್ತಿದೆಯಾ? ಹೊಡೀತಾರಾ?"

ರಾಶಿಯ ಬದಿಗೆ ಕುಳಿತಿದ್ದ ಅತ್ತೆ ಶೇಖವ್ವ ಸೆರಗು ಕೊಡವಿ ಎದ್ದಳು. ಬಂದವಳು ಮಗನಿಗೂ ಸೊಸೆಗೂ ನಡುವೆ ನಿಂತು, ಮುಖವನ್ನು ಟ್ರ್ಯಾಕ್ಟರಿನತ್ತ ತಿರುಗಿಸಿದಳು.

"ಹೌದ್ರಿ ಬಾಯಾರ, ಹೊಡೀತಾನ," ಎಂದಳು ಗಟ್ಟಿಯಾಗಿ. "ಇವರಪ್ಪನೂ ನನಗ ಹಿಂಗ ಹೊಡೀತಿದ್ದ. ನನ್ನ ಮಾತ್ರ ಯಾರೂ ಕೇಳಲಿಲ್ರಿ."