ಕೆಂಪು ಚುಕ್ಕೆಯ ಚೆಂಡು

ಮೇಣದ ವಾಸನೆಯ ನಡುವೆ ಹಸಿ ಹುಲ್ಲಿನ ವಾಸನೆ, ಇಗರ್ಜಿಯೊಳಗೆ ಹುಲ್ಲು, ಮಾಯ್ಲಿಸಳ ಶವಪೆಟ್ಟಿಗೆಯ ಮೇಲೆ ತಟ್ಟೆಯಗಲದ ಹುಲ್ಲುಹೆಂಟೆ, ಅವಳ ಅಣ್ಣನ ಮಗಳು ಗರಾನ್ಸ್ ಬೆಳಿಗ್ಗೆ ನಮ್ಮ ಗಾಲ್ಫ್ ಮೈದಾನದಿಂದ ಕೆತ್ತಿ ತಂದದ್ದು, ಜೊತೆಗೆ ಆಡಿದವರು ಒಂದೊಂದು ಚೆಂಡು ಇಡಲಿ ಎಂದು — ಸತ್ತ ಮೇಲೂ ಎಲ್ಲರ ಕಣ್ಣು ಇವಳ ಮೇಲೆಯೇ, ದೇವರೇ ಕ್ಷಮಿಸು, ಎಪ್ಪತ್ತಮೂರರ ವಯಸ್ಸಿನಲ್ಲಿ ಜಪಮಣಿ ಹಿಡಿದು ಕೂತು ಸತ್ತವಳ ಮೇಲೆ ಹೊಟ್ಟೆಕಿಚ್ಚು ಪಡುತ್ತಿದ್ದೇನೆ, ಅಳುತ್ತಲೂ ಇದ್ದೇನೆ. ಪಾದ್ರಿ ಓದುತ್ತಿದ್ದಾರೆ, ಇಪ್ಪತ್ತೆರಡು ವರ್ಷ ವೃತ್ತಿಪರ ಆಟ, ಒಂಬತ್ತು ಗೆಲುವು, ಗೊತ್ತು, ಒಂದೊಂದೂ ಗೊತ್ತು, ಸೋಮವಾರದ ಪತ್ರಿಕೆಯನ್ನು ಹಿಂದಿನ ಆಟದ ಪುಟದಿಂದ ಬಿಡಿಸುತ್ತಿದ್ದೆ, ಪಟ್ಟಿಯಲ್ಲಿ ಅವಳ ಹೆಸರು ಕೆಳಗಿದ್ದರೆ ಕಾಫಿ ರುಚಿಸುತ್ತಿತ್ತು, ಮೇಲಿದ್ದರೆ ಬೆಣ್ಣೆ ಹಚ್ಚಿದ ಬ್ರೆಡ್ಡೂ ಗಂಟಲಲ್ಲಿ ಇಳಿಯುತ್ತಿರಲಿಲ್ಲ, ಆಮೇಲೆ ಫೋನು ಮಾಡಿ ಅಭಿನಂದಿಸುತ್ತಿದ್ದೆ, ಅವಳು ನಗುತ್ತಿದ್ದಳು, ಸುಮ್ನಿರೇ, ಗಾಳಿ ನನ್ನ ಕಡೆಗಿತ್ತು ಅಷ್ಟೆ.

ನನಗೂ ವೃತ್ತಿಯಿತ್ತು, ಎರಡೇ ವರ್ಷ, ಅದನ್ನು ಯಾವ ಪಾದ್ರಿಯೂ ಓದುವುದಿಲ್ಲ, ವೃತ್ತಿಪರ ಆಟಕ್ಕೆ ಆರಿಸುವ ಅರ್ಹತಾ ಪಂದ್ಯದಲ್ಲಿ ಆಯ್ಕೆಯಾದ ಕೊನೆಯವಳು ನಾನು, ಒಂದೇ ಹೊಡೆತದಿಂದ ಹೊರಗುಳಿದವಳು ಮಾಯ್ಲಿಸ್ — ಹದಿನಾಲ್ಕನೇ ಕುಳಿ, ಬಿಯಾರಿಟ್ಸ್ ಕಡಲಿನ ಗಾಳಿ, ಗುರುತಿಗೆಂದು ಚೆಂಡಿನ ಮೇಲೆ ನಾನೇ ಶಾಯಿಯಲ್ಲಿ ಇಟ್ಟ ಕೆಂಪು ಚುಕ್ಕೆ ಮೇಲ್ಮುಖವಾಗಿದೆ, ಕೋಲನ್ನು ಚೆಂಡಿನ ಹಿಂದೆ ಊರುತ್ತೇನೆ, ಹುಲ್ಲು ಬಾಗುತ್ತದೆ, ಚೆಂಡು ಕೂದಲೆಳೆಯಷ್ಟು ಕುಸಿಯುತ್ತದೆ, ಕೆಂಪು ಚುಕ್ಕೆ ಓರೆಯಾಗಿ ಹುಲ್ಲಿನೆಸಳ ಕೆಳಗೆ ಜಾರುತ್ತದೆ, ಅಲುಗಿಸಿದರೆ ಒಂದು ಹೊಡೆತ ದಂಡ, ಯಾರೂ ನೋಡದಿದ್ದರೆ ಆಡುವವಳೇ ಹೇಳಬೇಕು, ಬೆನ್ನ ಹಿಂದೆ ಮಾಯ್ಲಿಸ್, ಏನೇ, ಹುಲ್ಲಿಗೆ ಜಪ ಕಲಿಸ್ತಿದ್ದೀಯಾ, ಬೇಗ ಹೊಡಿಯೇ, ಹಸಿವಾಗ್ತಿದೆ. ಹೊಡೆದೆ. ಸಂಜೆ ಡೇರೆಯ ಮೇಜು, ನಮ್ಮ ಆಟದಲ್ಲಿ ಒಬ್ಬಳ ಲೆಕ್ಕ ಇನ್ನೊಬ್ಬಳು ಬರೆಯುವುದು, ನನ್ನ ಚೀಟಿ ಅವಳ ಕೈಯಲ್ಲಿ, ಹದಿನಾಲ್ಕಕ್ಕೆ ಎಷ್ಟು ಬರೀಲಿ, ಸೊಲಾಂಜ್? ನಾಲ್ಕು. ನಾಲ್ಕಾ? ನಾಲ್ಕೇ ಕಣೇ, ಎಣಿಸೋಕೆ ಬರಲ್ವಾ ನಿನಗೆ? ಪೆನ್ಸಿಲ್ ಮೊನೆ ಮುರಿಯುವಷ್ಟು ಒತ್ತಿ ಬರೆದಳು. ನೋಡಿದ್ದಳೋ ಇಲ್ಲವೋ, ಐವತ್ತು ವರ್ಷವಾಗುತ್ತ ಬಂತು, ಗೊತ್ತಿಲ್ಲ, ಗಂಡನಿಗೆ ಶಾಪ ಹಾಕಿದ್ದನ್ನೂ ಪಾದ್ರಿಯ ಮುಂದೆ ಒಪ್ಪಿಕೊಂಡಿದ್ದೇನೆ, ಇದನ್ನಲ್ಲ. ಮರುವರ್ಷ ಅವಳು ಒಳಗೆ ಬಂದಳು, ಅದರ ಮರುವರ್ಷ ನಾನು ಹೊರಗೆ ಬಿದ್ದೆ. ಆಮೇಲೊಮ್ಮೆ ಸ್ಪೇನಿನಲ್ಲಿ ಅವಳ ಚೆಂಡು ಅಲುಗಿತು, ಯಾರೂ ನೋಡಿರಲಿಲ್ಲ, ಕೈಯೆತ್ತಿ ತಾನೇ ಹೇಳಿದಳು, ದಂಡದಿಂದ ಪ್ರಶಸ್ತಿ ಹೋಯಿತು, ಪತ್ರಿಕೆಯವರು ಹಾಡಿ ಹೊಗಳಿದರು, ಆ ಪುಟ ಹರಿದು ಒಲೆಗೆ ಹಾಕಿದೆ, ಗೆಲುವನ್ನಾದರೂ ಸಹಿಸಬಹುದಿತ್ತು, ಎತ್ತಿದ ಆ ಕೈಯನ್ನು ಹೇಗೆ ಸಹಿಸಲಿ.

ಸಾಲು ಏಳುತ್ತಿದೆ, ತೀರ್ಥ ಚಿಮುಕಿಸುತ್ತೇನೆ, ಮೊಣಕಾಲು ನೋಯುತ್ತದೆ, ಗರಾನ್ಸ್ ತೋಳು ಹಿಡಿಯುತ್ತಾಳೆ, ಬನ್ನಿ ಸೊಲಾಂಜ್ ಆಂಟಿ, ಆಸ್ಪತ್ರೆಯಲ್ಲಿ ಅತ್ತೆ ನಿಮ್ಮ ಹೆಸರೇ ಹೇಳ್ತಿದ್ರು, ಅವಳೇ ಒಂದಿನ ಹೇಳ್ತಾಳೆ, ನಾನ್ಯಾಕೆ ಕೇಳ್ಲಿ ಅಂತ, ಏನು ಹೇಳ್ಬೇಕಿತ್ತು ಆಂಟಿ? — ನೋಡಿದ್ದಳು, ಹಾಗಾದರೆ ನೋಡಿದ್ದಳು, ಗೆದ್ದ ಒಂಬತ್ತು ಸಲವೂ ನನ್ನ ಫೋನಿನಲ್ಲಿ ಅಭಿನಂದನೆಯ ನಂತರ ಇನ್ನೊಂದು ಮಾತಿಗೆ ಕಾದಿದ್ದಳು — ಚೀಲದಿಂದ ನನ್ನ ಚೆಂಡು ತೆಗೆದು, ಕೆಂಪು ಚುಕ್ಕೆ ಮೇಲೆ ಬರುವಂತೆ ಹುಲ್ಲುಹೆಂಟೆಯ ಮೇಲಿಡುತ್ತೇನೆ, ಬೆರಳು ತೆಗೆಯುತ್ತೇನೆ, ಅಯ್ಯೋ, ಅಲುಗ್ತಲ್ವಾ ಆಂಟಿ, ಅಲುಗಿತು, ಹೌದು ಅಲುಗಿತು, ನಾಲ್ಕಲ್ಲ ಕಣೇ ಮಾಯ್ಲಿಸ್, ಐದು ಬರಿ, ಐದು, ಇದು ನನ್ನದೇ ದನಿ, ಇಷ್ಟು ಜೋರಾಗಿ, ಹಿಂದಿನ ಸಾಲು ನಿಂತಿದೆ, ಪಾದ್ರಿ ತಲೆಯೆತ್ತಿದ್ದಾರೆ, ಹುಲ್ಲಿನೆಸಳು, ಕೆಂಪು ಚುಕ್ಕೆ, ಓರೆಯಾಗಿ, ಕೂದಲೆಳೆಯಷ್ಟು, ಕೆಂಪು ಚುಕ್ಕೆ —